ತಾಯಿಯ ಸಹಿ, ಗಿರಣಿಯ ಹಿಟ್ಟು

ಸರ್ಕಾರಿ ಕಚೇರಿಯೊಳಗೆ ಒಂದು ಕಾಗದ ಹೊಕ್ಕಿತೆಂದರೆ ಅದು ಏನಾಗಿ ಹೊರಗೆ ಬರುತ್ತದೆಂದು ಹಣೆಬರಹ ಬರೆಯುವ ಬ್ರಹ್ಮನೂ ಹೇಳಲಾರ. ಪುಣೆಯಲ್ಲಿ ಹತ್ತು ವರ್ಷ ಅಂಥ ಕಾಗದಗಳನ್ನು ಬರೆದುಕೊಟ್ಟವನು ನಾನು. ನನಗೂ ತಿಳಿಯಲಿಲ್ಲ.

ನಾನು ಧಾರವಾಡದ ಕಡೆಯವನು, ಭೋಸರಿಯ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್. ತೊಂಬತ್ತರ ದಶಕದಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಹಿಟ್ಟಿನ ಗಿರಣಿಯವರ ಹೆಂಡತಿ ಚುನಾವಣೆಗೆ ನಿಂತರು, ಆರಿಸಿಯೂ ಬಂದರು. ಇನ್ನು ಗಂಡನದೇ ಕಾರಭಾರ ಎಂದು ಎಲ್ಲರೂ ಅಂದುಕೊಂಡೆವು. ಆ ಗಂಡ, "ನನಗ ಗಿರಣಿ ಅದ. ಆರಿಸಿ ಬಂದಾಕಿ ಆಕಿ, ಆಕೀನ ನೋಡ್ಕೋತಾಳ" ಎಂದು ಒಳಗೆ ಹೋಗಿಬಿಟ್ಟ.

ಎಲ್ಲರೂ ಅವರನ್ನು ತಾಯಿ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಅವರು ಆಡಿದ್ದೆಲ್ಲ ಮರಾಠಿ. ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಗಿರಣಿಯ ಪಕ್ಕದ ಕೋಣೆಯೇ ಅವರ ಕಚೇರಿ. ಬೆಳಿಗ್ಗೆ ಎರಡು ತಾಸು ನಾನು ಅಲ್ಲಿ ಜನರ ಅರ್ಜಿ ಟೈಪ್ ಮಾಡುತ್ತಿದ್ದೆ. ಪ್ರತಿ ಅರ್ಜಿಯ ಮೇಲೂ ಗೋದಿಹಿಟ್ಟು ಕೂತಿರುತ್ತಿತ್ತು. ವಾರ್ಡ್ ಆಫೀಸಿನ ಗುಮಾಸ್ತರು ಲಕೋಟೆ ಒಡೆದು, ಬೆರಳಿಗೆ ಹಿಟ್ಟು ಹತ್ತಿದ ಕೂಡಲೇ ನೆಟ್ಟಗೆ ಕೂಡುತ್ತಿದ್ದರಂತೆ.

೧. ಬಲ್ಲೆ

ಇದೇ ವಾರ್ಡಿನಲ್ಲಿ ವಾಸವಾಗಿದ್ದೇನೆಂಬ ರಹವಾಸಿ ಪ್ರಮಾಣಪತ್ರ ಕೇಳಿಕೊಂಡು ಒಬ್ಬ ಬಂದ. "ಇವರನ್ನು ನಾನು ವೈಯಕ್ತಿಕವಾಗಿ ಬಲ್ಲೆ" ಎಂಬ ಅಚ್ಚಾದ ಸಾಲಿನ ಕೆಳಗೆ ತಾಯಿ ಸಹಿ ಹಾಕಬೇಕು.

"ನಿಮ್ಮನ್ನ ನಾ ಬಲ್ಲೆ ಏನು?" ಎಂದರು ತಾಯಿ.

"ಇಲ್ರಿ. ಬರೇ ಸಹಿ ಮಾಡ್ರಿ, ಎಲ್ಲಾರೂ ಮಾಡ್ತಾರ."

ತಾಯಿ ಚಪ್ಪಲಿ ಮೆಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಅವನ ಮನೆಗೇ ನಡೆದರು. ಕೂತರು, ಚಹಾ ಕುಡಿದರು, ಒಂದೂವರೆ ತಾಸು ಅವನ ಅವ್ವನ ಮಾತು ಕೇಳಿದರು, ಆಮೇಲೆ ಹೆಂಡತಿಯ ಮಾತು ಕೇಳಿದರು. ಹೊರಗೆ ಬಂದು ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದರು. ಒಂದು ಸಹಿಗಾಗಿ ಇಷ್ಟು ದೂರ ನಡೆದ ಜನಪ್ರತಿನಿಧಿಯನ್ನು ನಾನು ಅವತ್ತೇ ಮೊದಲು ಕಂಡದ್ದು. ನಾನು ಬೆರಗಾಗಿ ನಿಂತಿದ್ದೆ. ಅವನು ಮಾತ್ರ ಮುಖ ಸಣ್ಣದು ಮಾಡಿಕೊಂಡಿದ್ದ.

"ನಾ ಕೇಳಿದ್ದು ಒಂದು ಸಹಿ ರೀ," ಎಂದ ನನ್ನ ಕಿವಿಯಲ್ಲಿ. "ಈಗ ನಮ್ಮನಿ ಅತ್ತಿ-ಸೊಸಿ ಜಗಳ ಸುದ್ದಾ ಸರ್ಕಾರಕ್ಕ ಗೊತ್ತಾತು."

೨. ಡೆಡ್

ನಿವೃತ್ತ ಮಾಸ್ತರರೊಬ್ಬರು ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ದಿದ್ದರು. ಆಗ ಸಂಸದರ ಕೋಟಾದಲ್ಲಿ ಫೋನ್ ಬೇಗ ಸಿಗುತ್ತಿತ್ತು. ತಾಯಿ ಸಂಸದರ ಮನೆಗೆ ಮೂರು ಸಲ ಅಲೆದಾಡಿ ಕೊಡಿಸಿದರು. ಆದರೆ ಮಾಸ್ತರರ ಬಳಗದಲ್ಲಿ ಮತ್ತಾರ ಮನೆಯಲ್ಲೂ ಫೋನ್ ಇರಲಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಎಂಟಕ್ಕೆ ತಾಯಿಗೇ ಫೋನ್ ಬರುತ್ತಿತ್ತು: "ಫೋನ್ ಛಲೋ ನಡದದ ರೀ ತಾಯಿ. ಅಷ್ಟ ಹೇಳಬೇಕಾಗಿತ್ತು."

ಒಂದು ದಿನ ಎಂಟಾಯಿತು, ಒಂಬತ್ತಾಯಿತು, ಫೋನ್ ಬರಲಿಲ್ಲ. ತಾಯಿ ಕೈಯಲ್ಲಿದ್ದ ಫೈಲು ಮುಚ್ಚಿಟ್ಟರು. "ಮಾಸ್ತರಿಗೆ ವಯಸ್ಸಾಗೇದ. ಏಳ್ರಿ, ಹೋಗಿ ನೋಡೋಣ." ಹತ್ತಿಪ್ಪತ್ತು ಜನ ಕಾಯುತ್ತಿದ್ದರು, ಅವರಿಗೆ ಕೈಮುಗಿದು, ನನ್ನನ್ನು ಕರೆದುಕೊಂಡು ಹೊರಟೇಬಿಟ್ಟರು.

ಬಾಗಿಲಲ್ಲಿ ಮಾಸ್ತರರ ಸೊಸೆ ನಿಂತಿದ್ದಳು, ಮುಖ ಬಾಡಿತ್ತು.

"ಏನಾತವ್ವಾ?"

"ನಿನ್ನೆ ಸಂಜಿಂದ ಡೆಡ್ ರೀ."

ತಾಯಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದು ಕೂತರು. ನಾನು ಟೊಪ್ಪಿಗೆ ತೆಗೆದೆ. ಅಷ್ಟರಲ್ಲಿ ಒಳಗಿಂದ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಮಾಸ್ತರರೇ ಬಂದರು.

"ಬಂದ್ರೇನು? ಭಾಳ ಛಲೋ ಆತು. ಕಂಪ್ಲೇಂಟ್ ಬರಕೋರಿ."

೩. ಜಿಲೇಬಿ

ನಮ್ಮ ಹಿಂದಿನ ಗಲ್ಲಿಗೆ ತಿಂಗಳಿಂದ ನೀರಿರಲಿಲ್ಲ. ನೀರಿನ ಇಂಜಿನಿಯರ್ ಸಾಹೇಬರ ಕಡತದಲ್ಲಿ ಮಾತ್ರ ದಿನಕ್ಕೆ ಎರಡು ತಾಸು ಬರುತ್ತಿತ್ತು. ಮೋರ್ಚಾ ಒಯ್ಯೋಣ, ಖಾಲಿ ಕೊಡ ಒಡೆಯೋಣ ಎಂದು ಹೆಂಗಸರು ಸಿದ್ಧರಾದರು. ತಾಯಿ ಬೇಡವೆಂದರು. "ಸಾಹೇಬ್ರಿಗೆ ಸತ್ಕಾರ ಮಾಡೋಣ."

ಸಾಹೇಬರು ಸಂತೋಷದಿಂದ ಬಂದರು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಅಂಗಡಿಯಿಂದ ತಂದ ಬಿಸಿ ಜಿಲೇಬಿಯ ತಾಟು ಮುಂದಿಟ್ಟರು. ಒಬ್ಬೊಬ್ಬ ಹೆಂಗಸೂ "ನಂದೊಂದು ತಗೋರಿ" ಎಂದು ಒತ್ತಾಯ ಮಾಡಿ ಹಾಕಿದಳು. ಪಾಕ ಬೆರಳು ದಾಟಿ ಮೊಣಕೈಗೆ ಇಳಿಯಿತು.

"ಕೈ ತೊಳಕೋಬೇಕಲ್ಲ," ಎಂದರು ಸಾಹೇಬರು.

"ಅಲ್ಲೇ ನಳ ಅದ ನೋಡ್ರಿ," ಎಂದರು ತಾಯಿ ಬಹಳ ಮರ್ಯಾದೆಯಿಂದ.

ಸಾಹೇಬರು ನಳ ತಿರುವಿದರು. ಅದು ಒಮ್ಮೆ 'ಫುಸ್' ಎಂದು ಸುಮ್ಮನಾಯಿತು. ಎರಡನೆಯದು 'ಫುಸ್' ಎನ್ನಲೂ ಇಲ್ಲ. ಹೀಗೆ ಏಳು ಮನೆಯ ನಳ ತಿರುವುತ್ತ ಹೋದರು. ಮೈಮೇಲೆ ಶಾಲು, ಬೆನ್ನಿಗೆ ನೊಣ. ಯಾರೂ ನಗಲಿಲ್ಲ, ಯಾರೂ ಒಂದು ಮಾತು ಬೈಯಲಿಲ್ಲ. ಅಷ್ಟು ಶಾಂತವಾದ ಮೋರ್ಚಾ ನಾನು ಜನ್ಮದಲ್ಲಿ ನೋಡಿಲ್ಲ.

ಮರುದಿನ ಬೆಳಿಗ್ಗೆ ನಳಗಳೆಲ್ಲ ಧೋ ಎಂದು ಸುರಿದವು. ಹತ್ತು ಗಂಟೆಗೆ ಸಾಹೇಬರ ಫೋನು. "ತಾಯಿ, ನೀರು ಬಂತೇನು?"

"ಬಂತ್ರಿ ಸಾಹೇಬ್ರ. ಬಂದು ಕೈ ತೊಳಕೊಂಡು ಹೋಗ್ರಿ."

೪. ಇನ್ನೂ ಇಟ್ಟಿಲ್ಲ

ಇದು ಎರಡು ಸಾವಿರದ ಈಚೆಗಿನ ಮಾತು. ಪುಣೆಯ ಅಂಚಿನ ಖರಾಡಿಯಲ್ಲಿ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕಲ್ಲು-ಮಣ್ಣು ಹೊರುವ, ನಮ್ಮ ವಾರ್ಡಿನಲ್ಲೇ ವಾಸವಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಮಗಳನ್ನು ಶಾಲೆಗೆ ಸೇರಿಸಲು ಹೋದಳು. ಜನನ ಪತ್ರ ನೋಡಿ ಶಾಲೆಯವರು ಕೂಸನ್ನು "ಇನಾಟಿಲ್ರಿ" ಎಂದು ಕರೆದರು. ಕೂಸು ಓಗೊಡಲಿಲ್ಲ. ಅವಳ ಹೆಸರು ಗಾಯತ್ರಿ.

ಕಾಗದ ಹಿಡಿದು ಅವ್ವ-ಮಗಳು ನಮ್ಮ ಕೋಣೆಗೆ ಬಂದರು. ನಾನು ಕೇಳಿದೆ: "ಹುಟ್ಟಿದಾಗ ಹೆಸರು ಬರೆಸೋ ಮುಂದ ಏನು ಹೇಳಿದ್ದೆವ್ವಾ?"

"ಅವರು ಮರಾಠಿಯೊಳಗ ಕೂಸಿನ ಹೆಸರೇನಂತ ಕೇಳಿದ್ರು ರೀ ಅಣ್ಣಾರ. ತೊಟ್ಟಿಲಕ್ಕ ಹಾಕಿರಲಿಲ್ಲ. ಇನ್ನಾ ಇಟ್ಟಿಲ್ರಿ ಅಂದೆ."

ಗುಮಾಸ್ತ ಕೇಳಿದ್ದನ್ನು ಕೇಳಿದಂತೆ ಬರೆದುಕೊಂಡಿದ್ದ. ನಾನು ನಗು ತಡೆಯಲಾರದೆ ತಾಯಿಗೆ ಅರ್ಥ ಹೇಳಿದೆ. ತಾಯಿ ನಗಲಿಲ್ಲ. "ಈ ಕೂಸು ಸಾಲಿ ಕಲ್ತು, ನೌಕರಿ ಮಾಡಿ, ಕಡೀತನಕ ಇನ್ನಾ ಹೆಸರಿಟ್ಟಿಲ್ಲ ಅಂತ ಸಹಿ ಹಾಕಬೇಕೇನು?" ಎಂದು ಅಲ್ಲೇ ನಿಂತು ಪತ್ರ ಬರೆಸಿದರು.

ಪತ್ರ ಹಿಡಿದು ನಾನೇ ಕೂಸಿನ ಅವ್ವನೊಂದಿಗೆ ವಾರ್ಡ್ ಆಫೀಸಿಗೆ ಹೋದೆ. ಮತ್ತೆ ತಪ್ಪಾಗಬಾರದಲ್ಲ! ಗುಮಾಸ್ತನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದೆ: "ನೋಡ್ರಿ, ನಮ್ಮ ಜನ ಎಲ್ಲಾ ಮಾತಿನ ಕಡೀಗೆ 'ರೀ' ಹಚ್ಚತಾರ. ಅದು ಮರ್ಯಾದಿಗೆ. ಅದನ್ನ ಹೆಸರಿನ ಜೋಡಿ ಬರೀಬ್ಯಾಡ್ರಿ." ಅವನು ಹಿಟ್ಟು ಹತ್ತಿದ ಬೆರಳಿನಿಂದ ಕಿವಿ ಮುಟ್ಟಿಕೊಂಡು, ಈ ಸಲ ಒಂದಕ್ಷರ ತಪ್ಪುವುದಿಲ್ಲವೆಂದ. ಪತ್ರ ಓದದೆ ಪಕ್ಕಕ್ಕಿಟ್ಟು ಹೆಸರು ಕೇಳಿದ. ಅವಳು "ಗಾಯತ್ರಿ ರೀ" ಎಂದಳು. ಅವನು ತಲೆಯಾಡಿಸಿ ಬರೆದುಕೊಂಡ.

ವಾರದ ಮೇಲೆ ಹೊಸ ಪತ್ರ ಬಂತು. ಅದರಲ್ಲಿ "ಗಾಯತ್" ಎಂದಿತ್ತು.

ತಾಯಿ ಅದನ್ನು ಎರಡು ಸಲ ಓದಿ ನನ್ನ ಕಡೆ ನೋಡಿದರು. ನಾನು ಟೈಪ್‌ರೈಟರಿನ ಹಿಂದೆ ಸರಿದೆ.

"ಮೂರನೇ ಸಲ ನಾ ಹೋಗತೇನಿ," ಎಂದರು. "ನೀವು ಇಲ್ಲೇ ಇರ್ರಿ. ಬಾಯಿ ತೆರೀಬ್ಯಾಡ್ರಿ."

ಹೋದರು. ಹೆಸರನ್ನು ತಮ್ಮ ಕೈಯಾರೆ ಬರೆದುಕೊಟ್ಟು, ಸರಿಯಾದ ಪತ್ರ ಕೈಗೆ ಬರುವ ತನಕ ಗುಮಾಸ್ತನ ಎದುರಿನ ಬೆಂಚಿನ ಮೇಲೆ ಕೂತರು. ಮರುದಿನ ಕೂಸನ್ನು ಶಾಲೆಗೆ ಕರೆದೊಯ್ದರು. ಬಾಯಿ ತೆರೆಯುವುದಿಲ್ಲವೆಂಬ ಶರತ್ತಿನ ಮೇಲೆ ನಾನೂ ಹೋದೆ. ಮುಖ್ಯಾಧ್ಯಾಪಕಿ ಹೊಸ ಪಟ್ಟಿ ತೆಗೆದು, ಲೇಖನಿ ಹಿಡಿದು, ಮಗುವನ್ನು ಹತ್ತಿರ ಕರೆದು ಹೆಸರು ಕೇಳಿದರು.

ಕೂಸು ಒಮ್ಮೆ ತಾಯಿಯನ್ನು ನೋಡಿತು, ಒಮ್ಮೆ ನನ್ನನ್ನು ನೋಡಿತು. ಆಮೇಲೆ ಗಟ್ಟಿಯಾಗಿ ಹೇಳಿತು:

"ಗಾಯತ್ರಿ. 'ರಿ' ಬಿಡಬ್ಯಾಡ್ರಿ!"