ಅಂಟಿನಿಂದಾದ ನಂಟು

"ಹಲಸಿನ ಹಣ್ಣು ಬಿಡಿಸೋದೇನು ಬ್ರಹ್ಮವಿದ್ಯೆನಾ? ಇಡೀ ಹಣ್ಣೇ ಕೊಡಿ, ನಾನೇ ಬಿಡಿಸ್ಕೋತೀನಿ!"

ಬ್ಯಾಡರಹಳ್ಳಿಯ ಹಣ್ಣಿನಂಗಡಿಯ ಮುಂದೆ ಬಸವಕಿರಣ್ ಹೀಗೆ ಗುಡುಗಿದಾಗ, ಅಂಗಡಿಯಾಕೆ ಅವನ ನಯವಾದ ಬೆರಳುಗಳನ್ನು ನೋಡಿ ನಿಟ್ಟುಸಿರಿಟ್ಟಳು. ಅವನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಎಂಥ ಲೆಕ್ಕವನ್ನಾದರೂ ಬಿಡಿಸುವವನಿಗೆ ಒಂದು ಹಣ್ಣು ಬಿಡಿಸಲಾಗದೆ?

ಹತ್ತು ಕೆಜಿಯ ಹಣ್ಣನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಕೂರಿಸಿಕೊಂಡು ಅನ್ನಪೂರ್ಣೇಶ್ವರಿ ನಗರದ ಬಾಡಿಗೆ ಮನೆಗೆ ತಂದ. ಕೈಗೆ ಎಣ್ಣೆ ಸವರಿಕೊಳ್ಳಬೇಕೆಂಬುದು ಅವನು ಕಲಿತ ಯಾವ ಸೂತ್ರದಲ್ಲೂ ಇರಲಿಲ್ಲ. ಎರಡೇ ನಿಮಿಷ! ಕೈಗೆ ಚಾಕು ಅಂಟಿತು. ಅದನ್ನು ಕೀಳಲು ಹೋದರೆ ಹಳೇ ಪೇಪರು ಅಂಟಿತು. ತುಟಿ ತುರಿಸಿತೆಂದು ಕೈಯೆತ್ತಿದರೆ ಪೇಪರಿನ ಚೂರು ಮೀಸೆಗೇ ಅಂಟಿತು. ಅದೇ ಹೊತ್ತಿಗೆ ಚನ್ನಪಟ್ಟಣದಿಂದ ಅಮ್ಮ ಗಿರಿಜಾದೇವಿಯ ಫೋನು! ಎಡಗೈಯಲ್ಲಿ ಎತ್ತಿ ಸ್ಪೀಕರ್ ಒತ್ತಿದ. ಫೋನೂ ಅಂಟಿತು.

"ಏನೋ ಮಾಡ್ತಿದೀಯ?"

"ಹಲಸಿನ ಹಣ್ಣು ಬಿಡಿಸ್ತಿದೀನಮ್ಮಾ."

"ನೀನಾ?"

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮೊಣಕೈಯಿಂದ ಚಿಲಕ ಸರಿಸಿದರೆ ಎದುರಿಗೆ ಬಿಂದುಶ್ರೀ! ಕೆಳಗಿನ ಮನೆಯ ಓನರ್ ಯಶೋದಮ್ಮನವರ ಮಗಳು. ಎಂಟು ತಿಂಗಳಿಂದ ಮೆಟ್ಟಿಲ ಬಳಿ ಅವಳು ಸಿಕ್ಕಾಗಲೆಲ್ಲ "ನೀರು ಬಂತಾ?" ಎನ್ನುವುದರಾಚೆಗೆ ಅವನ ನಾಲಿಗೆ ಹೊರಳಿರಲಿಲ್ಲ.

"ಏನೋ ದಡಬಡ ಸದ್ದು ಬಂತು ಸಾರ್..." ಎಂದವಳು, ಅವನ ಮೀಸೆಯಲ್ಲಿದ್ದ ದಿನಭವಿಷ್ಯವನ್ನು ಓದಿ ಗೋಡೆ ಹಿಡಿದುಕೊಂಡು ನಕ್ಕಳು. "ಸ್ತ್ರೀಯರಿಂದ ಸಹಾಯ ಅಂತಿದೆ ಸಾರ್!"

ಕೆಳಗಿನಿಂದ ಕೊಬ್ಬರಿ ಎಣ್ಣೆ ತಂದು ಅವನ ಬಲಗೈಯ ಒಂದೊಂದೇ ಬೆರಳನ್ನು ತಿಕ್ಕತೊಡಗಿದಳು. ಮುಹೂರ್ತವಿಲ್ಲ, ವಾಲಗವಿಲ್ಲ, ಪಾಣಿಗ್ರಹಣ ಮಾತ್ರ ಸಾಂಗವಾಗಿ ನಡೆದೇಹೋಯಿತು! ಐದನೇ ಬೆರಳಿನ ಹೊತ್ತಿಗೆ ಅವನಿಗೆ ಧೈರ್ಯ ಬಂತು.

"ನಿಮ್ ಹತ್ರ ಮಾತಾಡ್ಬೇಕು ಅಂತ ತುಂಬಾ ದಿನದಿಂದ..."

"ಗೊತ್ತು," ಎಂದಳು ತಲೆಯೆತ್ತದೆ. "ನಮ್ಮನೇಲಿ ಬೋರ್‌ವೆಲ್ ಇದೆ. ದಿನಾ ನೀರು ಬಂತಾ ಅಂತ ಯಾರ್ ಕೇಳ್ತಾರೆ?"

"ಯಾರೋ ಆ ಹುಡುಗಿ?" ಎಂದಿತು ಅವನ ಎಡಗೈ!

ಮರುದಿನ ಎಂಟಕ್ಕೆಲ್ಲ ಗಿರಿಜಾದೇವಿ ಕೆಂಗೇರಿಯಲ್ಲಿ ಬಸ್ಸಿಳಿದು, ಆಟೋ ಹಿಡಿದು, ಮಗನ ಮನೆಗೂ ಹತ್ತದೆ ನೇರ ಯಶೋದಮ್ಮನವರ ಸೋಫಾದಲ್ಲಿ ಕುಳಿತು ಹೆಣ್ಣು ಕೇಳಿಯೇಬಿಟ್ಟರು. ಬಿಂದುಶ್ರೀ ಮಾತ್ರ "ಸ್ವಲ್ಪ ಟೈಮ್ ಕೊಡಿ ಆಂಟಿ" ಎಂದಳು. ಮೂರು ತಿಂಗಳು ಸಂಜೆ ಸಂಜೆ ಟೆರೇಸಿನಲ್ಲಿ ಕಾಫಿ ಕುಡಿಯುತ್ತಾ ಇಬ್ಬರೂ ಮಾತಾಡಿದರು. ಅವನ ಪಾಠದ ಕಥೆಗೆ ಅವಳು ಆಕಳಿಸಿದಳು, ಅವಳ ಬ್ಯಾಂಕ್ ಕೆಲಸದ ಕಥೆಗೆ ಅವನು ನಿದ್ದೆಹೋದ. ಹೀಗೆ ಪ್ರೀತಿ ಗಟ್ಟಿಯಾಯಿತು!

ಒಪ್ಪಿಗೆ ಹೇಳುವ ದಿನ ಗಿರಿಜಾದೇವಿ ಎಲ್ಲರೆದುರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಸುಳ್ಳು ಹೇಳಿ ಸೊಸೆ ತರೋಳಲ್ಲ ನಾನು. ಇವನಿಗೆ ಪಾಠ ಬಿಟ್ರೆ ಬೇರೇನೂ ಬರಲ್ಲ."

ಬಸವಕಿರಣ್ ಪ್ರತಿಭಟಿಸಲು ಬಾಯಿ ತೆರೆದ.

"ಬರ್ದೇ ಇರೋದು ಪರವಾಗಿಲ್ಲ ಆಂಟಿ, ನಾನು ಕಲಿಸ್ಕೋತೀನಿ," ಎಂದಳು ಬಿಂದುಶ್ರೀ. "ಎಲ್ಲಾ ಬರುತ್ತೆ ಅಂತ ಇವ್ರು ಅಂದ್ಕೊಂಡಿದಾರಲ್ಲ, ಅದನ್ನ ಮಾತ್ರ ನೀವೇ ಸ್ವಲ್ಪ ಬಿಡಿಸಿ ಕೊಟ್ಬಿಡಿ!"