ಗಿಣಿಹಸಿರು ಸೀರೆಯ ರಾಣಿ

ನಿದ್ದೆ ಬಾರದವರಿಗೆ ಲೋಕದಲ್ಲಿ ಔಷಧವಿದೆ. ಕುರುಗೋಡಿನ ದವಾಖಾನೆಯಲ್ಲಿ ಕಾಂಪೌಂಡರಾಗಿ ಅದನ್ನು ಎಷ್ಟೋ ವರ್ಷ ನಾನೇ ಕಲಸಿ ಕೊಟ್ಟಿದ್ದೇನೆ. ಆದರೆ ಹೊತ್ತುಗೊತ್ತಿಲ್ಲದೆ ನಿದ್ದೆ ಬರುವವರಿಗೆ ಯಾವ ಪುಣ್ಯಾತ್ಮನೂ ಏನನ್ನೂ ಕಂಡುಹಿಡಿದಿಲ್ಲ. ಕಂಡುಹಿಡಿದಿದ್ದರೆ ನನ್ನ ಮಾನ ಒಂದು ಸಂಜೆ ಐದೂವರೆಗೆ, ಸಿನಿಮಾ ಡೇರೆಯೊಳಗೆ, ಊರ ಮಂದಿಯೆದುರು ಹರಾಜಾಗುತ್ತಿರಲಿಲ್ಲ.

ಆಗ ಯುದ್ಧ ಮುಗಿದು ವರ್ಷವಾಗಿತ್ತು. ಪೆಟ್ರೋಲು ಮಾತ್ರ ಯುದ್ಧಕ್ಕೆ ಹೋದದ್ದು ಇನ್ನೂ ಮರಳಿರಲಿಲ್ಲ. ಬಳ್ಳಾರಿಗೆ ನಮಗಿದ್ದದ್ದು ಇದ್ದಿಲಿನ ಬಸ್ಸು. ಅದರ ಬೆನ್ನಿಗೆ ಆಳೆತ್ತರದ ಒಲೆ. ಡ್ರೈವರ್ ಉಚ್ಚೆಂಗೆಪ್ಪ ನಸುಕಿನಲ್ಲಿ ಇದ್ದಿಲು ಸುರಿದು, ಗಾಳಿ ಊದಿ, ಬಸ್ಸು ಹೊರಡಿಸುವಷ್ಟರಲ್ಲಿ ಅದೇ ಒಲೆಯ ಮೇಲೊಂದು ಮದುವೆಯ ಅಡುಗೆ ಮಾಡಿ, ಬಡಿಸಿ, ಬೀಗರನ್ನು ಕಳಿಸಿಕೊಡಬಹುದಿತ್ತು. ಏರು ಬಂದರೆ ನಾವು ಇಳಿದು ನೂಕಬೇಕು. ಇಳಿಜಾರು ಬಂದರೂ ನೂಕಬೇಕು (ಇದರ ಕಾರಣ ಉಚ್ಚೆಂಗೆಪ್ಪನಿಗೂ ಗೊತ್ತಿರಲಿಲ್ಲ). ಆ ಬಸ್ಸಿನಲ್ಲಿ ನಾನು ಕೂತು ಹೋದದ್ದನ್ನೆಲ್ಲ ಕೂಡಿಸಿದರೆ ಪಕ್ಕದ ಕೋಳೂರಿನವರೆಗೆ ಆದೀತು. ನೂಕಿದ್ದನ್ನು ಕೂಡಿಸಿದರೆ ಕಾಶಿ ಮುಟ್ಟಿ ತಿರುಗಿ ಬರಬಹುದು.

ಪ್ರತಿ ಶನಿವಾರ ದವಾಖಾನೆಗೆ ಔಷಧ ತರಲು ನಾನು ಹೀಗೆ ಬಳ್ಳಾರಿಗೆ ಪಾದಯಾತ್ರೆಯೋ ಬಸ್ ಯಾತ್ರೆಯೋ ಮಾಡುತ್ತಿದ್ದೆ. ಪೆಟ್ಟಿಗೆ ಕಟ್ಟಿ ಮುಗಿಯುವುದು ಸಂಜೆಗೆ. ಅಲ್ಲಿಯವರೆಗೆ ಮೂರು ಗಂಟೆಯ ಪಿಕ್ಚರು.

ಥೇಟರಿನಲ್ಲಿ ದೀಪ ಆರುತ್ತಿತ್ತು. ಹಿಂದಿನ ಗೋಡೆಯ ಕಿಂಡಿಯಿಂದ ಬೆಳಕಿನ ಕೋಲೊಂದು ಹೊರಟು ನನ್ನ ತಲೆಯ ಮೇಲೆ ಹಾಯುತ್ತಿತ್ತು. ಬೀಡಿಯ ಹೊಗೆ, ಧೂಳು ಎಲ್ಲ ಅದರಲ್ಲಿ ನಿಧಾನವಾಗಿ ಹೊರಳುತ್ತ, ಅದು ಕೋಲಾಗಿದ್ದದ್ದು ಹೊಳೆಯಾಗುತ್ತಿತ್ತು. ಮೊದಲನೆಯ ಹಾಡಿನವರೆಗೆ ನಾನು ದಡದಲ್ಲಿರುತ್ತಿದ್ದೆ. ಎರಡನೆಯ ಹಾಡಿಗೆ ಆ ಹೊಳೆ ನನ್ನನ್ನು ಮೆಲ್ಲಗೆ ಎತ್ತಿಕೊಂಡು ಹೋಗಿಬಿಡುತ್ತಿತ್ತು. ಕಣ್ಣು ಮುಚ್ಚಿದ್ದರೂ ಕಿವಿ ತೆರೆದಿರುತ್ತಿತ್ತಲ್ಲ, ತೆರೆಯ ಮೇಲೆ ಅತ್ತದ್ದು, ನಕ್ಕದ್ದು, ಕುದುರೆ ಓಡಿದ್ದು ಎಲ್ಲ ನನ್ನೊಳಗೆ ಬಂದು ಬೇರೆಯೇ ಆಗುತ್ತಿತ್ತು.

ಒಬ್ಬ ರಾಣಿಯ ಚಿತ್ರ ಬಂದಿತ್ತು. ರಾಜ ಯಾರದೋ ಚಾಡಿ ಕೇಳಿ ಅವಳನ್ನು ಅರಮನೆಯಿಂದ ಹೊರಡಿಸುತ್ತಾನೆ. ತೆರೆಯ ಮೇಲೆ ಆಕೆ ಎಲ್ಲಿಗೆ ಹೋದಳೋ ನಾನರಿಯೆ. ನನ್ನಲ್ಲಿ ಆಕೆ ಬಳ್ಳಾರಿಯ ಕೋಟೆ ಗುಡ್ಡದಿಂದ ಇಳಿದು ಬಂದಳು. ಉಟ್ಟಿದ್ದು ಗಿಣಿಹಸಿರು ಸೀರೆ, ಅರಿಶಿನದ ಅಂಚು. ಅವಳನ್ನು ಬಿಟ್ಟಿರಲಾರದೆ ಗುಡ್ಡವೂ ಹಗ್ಗ ಬಿಚ್ಚಿದ ದೋಣಿಯಂತೆ ಸಪ್ಪಳವಿಲ್ಲದೆ ಹಿಂದೆ ತೇಲಿ ಬಂತು. ಸಿರುಗುಪ್ಪದ ಭತ್ತದ ಗದ್ದೆಗಳ ಮೇಲೆ ಅವರಿಬ್ಬರ ನೆರಳು ಹಾದಾಗ ಕೊಕ್ಕರೆಗಳು ತಲೆಯೆತ್ತಿ ನೋಡಿದವು. ಹಚ್ಚೊಳ್ಳಿಯ ಹೆಂಗಸರು ಆಕೆಗೆ ಮಜ್ಜಿಗೆ ಕೊಟ್ಟರು. ಕಡೆಗೆ ಆಕೆ ಉಚ್ಚೆಂಗೆಪ್ಪನ ಬಸ್ಸು ಹತ್ತಿದಳು. ಹಿಂದೆ ನೂಕುತ್ತಿದ್ದವನು ಯಾರೆಂದು ನೋಡಿದರೆ, ಕಿರೀಟ ವಾಲಿಸಿಕೊಂಡು, ಬೆವೆತು, ಸಾಕ್ಷಾತ್ ರಾಜ!

ಅಷ್ಟರಲ್ಲಿ ನನ್ನ ಕಾಲಬೆರಳನ್ನು ಯಾರೋ ಜಗ್ಗುತ್ತಿದ್ದರು. ಅದೇ ಆಟಕ್ಕೆ ನೆಲದ ಟಿಕೀಟು ತೆಗೆದು ಬರುತ್ತಿದ್ದ ಉಚ್ಚೆಂಗೆಪ್ಪ.

"ಡಾಕ್ಟ್ರೇ, ಏಳ್ರಿ. ಕಸ ಹೊಡಿಯಾಕ ಬಂದಾರ." (ಊರಲ್ಲಿ ಕಾಂಪೌಂಡರನಿಗೂ ಡಾಕ್ಟರೆಂದೇ ಮರ್ಯಾದೆ.)

ಭಾನುವಾರ ಇದನ್ನೆಲ್ಲ ನನ್ನ ಹೆಂಡತಿ ವಿರೂಪಮ್ಮನಿಗೆ ಹೇಳಬೇಕು. ಆಕೆ ಹುಟ್ಟಿದಾಗಿನಿಂದ ಒಂದು ಪಿಕ್ಚರೂ ನೋಡಿದವಳಲ್ಲ. ಹೆಂಗಸರ ಕಡೆ ಕುರ್ಚಿಗೊಂದು ಸೇರು ತಿಗಣೆ ಎಂದು ನಾನು ಹೆದರಿಸಿದ್ದೆ. ಆಕೆ ಜೋಳ ಹಸನು ಮಾಡುತ್ತ ಕೂತು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಕಿ ಸೀರಿ ಯಾವ ಬಣ್ಣದ್ದಿತ್ರಿ?"

ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದೆ. ಬಸ್ಸಿದ್ದ ಕಡೆ ರಥ ಎಂದು ತಿದ್ದುತ್ತಿದ್ದೆ. ಅಷ್ಟು ಕಲಾಪ್ರಜ್ಞೆ ನನಗಿತ್ತು. ಆಕೆಯ ಕೈ ಮೊರದಲ್ಲೇ ನಿಲ್ಲುತ್ತಿತ್ತು. ಕಣ್ಣು ಮುಚ್ಚಿ "ಹೂಂ" ಎನ್ನುವಳು. ಆ ಹೂಂಕಾರದ ಬಲದ ಮೇಲೆಯೇ ನನ್ನ ಸಂಸಾರ ನಿಂತಿತ್ತು. ಊರಲ್ಲಿ ಪಿಕ್ಚರಿನ ವಿಷಯಕ್ಕೆ ನಮ್ಮವರ ಸಮ ಯಾರೂ ಇಲ್ಲವೆಂದು ಆಕೆ ಬಾವಿಕಟ್ಟೆಯಲ್ಲಿ ಸಾರಿದ್ದಳು. ಹದಿನಾರು ವರ್ಷದ ದಾಂಪತ್ಯದಲ್ಲಿ ನನಗೆ ದಕ್ಕಿದ್ದ ಬಿರುದು ಇದೊಂದೇ.

ಹೀಗಿರುವಾಗ ಸುಗ್ಗಿ ಮುಗಿದ ಮೇಲೆ ಕುರುಗೋಡಿಗೆ ಟೂರಿಂಗ್ ಸಿನಿಮಾ ಬಂತು. ಮ್ಯಾನೇಜರು ಗಾದಿಲಿಂಗಪ್ಪ ಜನ ಕೂಡಿಸಲು ಹೊಸ ಹಂಚಿಕೆ ಹೂಡಿದ್ದ. ಬಣ್ಣ ಬಳಿದ ಬೋರ್ಡು ಕಟ್ಟಿದ ಬಂಡಿ ಓಣಿ ಓಣಿ ತಿರುಗಿ ಕೆಂಪು, ಹಳದಿ ಕಾಗದ ಹಂಚಿತು: ಸಿನಿಮಾ ಜ್ಞಾನ ಪರೀಕ್ಷೆ! ಈ ವರ್ಷ ಬಳ್ಳಾರಿಯಲ್ಲಿ ಓಡಿದ ಚಿತ್ರಗಳ ಮೇಲೆ ಹತ್ತು ಪ್ರಶ್ನೆ! ಗೆದ್ದವರ ಮನೆಮಂದಿಗೆಲ್ಲ ಡೇರೆ ಕೀಳುವವರೆಗೆ ಕುರ್ಚಿ ಪಾಸು!

ಮಧ್ಯಾಹ್ನ ಊಟಕ್ಕೆ ಬಂದರೆ ವಿರೂಪಮ್ಮನ ಮುಖ ದೀಪದ ಹಾಗಿತ್ತು.

"ರೀ, ನಿಮ್ಮ ಹೆಸರು ಬರಿಸಿ ಬಂದೀನಿ."

"ಎಲ್ಲಿ?"

"ಡೇರೇದಾಗ. ನಿಮಗ ಎದುರಿಗೆ ನಿಂತಾವ ಒಬ್ಬನ, ಆ ಬಸ್ಸಿನ ಉಚ್ಚೆಂಗೆಪ್ಪ. ಅವನ್ಯಾವ ಗಿಡದ ತಪ್ಪಲ ಬಿಡ್ರಿ."

ತುತ್ತು ಗಂಟಲಲ್ಲಿ ನಿಂತಿತು. ನಿಂತದ್ದೇ ಉಪಾಯವೂ ಆಯಿತು. "ಲೇ, ಗಂಟಲು ಕಟ್ಟೇತಿ. ಮಾತ ಹೊಂಡವಲ್ದು," ಎಂದು ಪಿಸುಗುಟ್ಟಿದೆ.

ಆಕೆ ಒಳಗಿನಿಂದ ಕೆಂಪು ಮಿಕ್ಸ್ಚರಿನ ಸೀಸೆ ತಂದಳು. ಸುತ್ತಲ ಹದಿನೆಂಟು ಹಳ್ಳಿಗೆ, ಕೆಮ್ಮಿಗೂ ಕಾಲುನೋವಿಗೂ, ನಾನು ಕಲಸಿ ಕೊಡುತ್ತಿದ್ದದ್ದು ಅದೊಂದೇ.

"ಬ್ಯಾಡ ಬ್ಯಾಡ, ತಾನ ಹೋಗ್ತೈತಿ!"

"ಊರ ಮಂದಿಗೆಲ್ಲಾ ಕುಡಿಸೀರಿ, ಯಾರೂ ಸತ್ತಿಲ್ಲ. ಬಾಯಿ ತಗೀರಿ."

ಕುಡಿದೆ. ಅದೇ ಮೊದಲ ಸಲ. ಹದಿನೆಂಟು ಹಳ್ಳಿಯ ರೋಗಿಗಳಿಗೂ ಮನಸ್ಸಿನಲ್ಲೇ ಸಾಷ್ಟಾಂಗ ಹಾಕಿ ಕ್ಷಮೆ ಕೇಳಿದೆ. ದನಿ ಮಾತ್ರ ಬರಗೊಡಲಿಲ್ಲ.

"ಹೋಗ್ಲಿ ಬಿಡ್ರಿ," ಎಂದಳು ವಿರೂಪಮ್ಮ. "ನೀವು ಸುಮ್ಕ ಬಂದು ಕುಂದರ್ರಿ. ನಾನ ಹೇಳ್ತೀನಿ. ನೀವು ಹೇಳಿದ್ದೆಲ್ಲಾ ನನಗ ಬಾಯಿಪಾಠ ಐತಿ."

ಈಗ ಗಂಟಲು ನಿಜವಾಗಿಯೇ ಕಟ್ಟಿತು.

ಸಂಜೆ ಡೇರೆ ತುಂಬಿತ್ತು. ಬಟ್ಟೆಯ ಸಂದಿನಿಂದ ಇಳಿಬಿಸಿಲು ಒಳಗೆ ಬಿದ್ದಿತ್ತು. ಒಂದು ಕಡೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಉಚ್ಚೆಂಗೆಪ್ಪ. ಇನ್ನೊಂದು ಕಡೆ ಮೈತುಂಬ ಸೆರಗು ಹೊದ್ದ ನನ್ನ ವಿರೂಪಮ್ಮ. ಮೊದಲ ಆರು ಪ್ರಶ್ನೆಗೆ ಇಬ್ಬರದೂ ಸರಿಯುತ್ತರ. ಎಲ್ಲ ಮೊದಲನೆಯ ಹಾಡಿನ ಒಳಗಿನವು. ಮಂತ್ರಿಗೆ ಎಷ್ಟು ಹೆಂಡಿರು, ಯಾವ ಕೈಯಲ್ಲಿ ಕತ್ತಿ ಹಿಡಿಯುತ್ತಾನೆ ಎನ್ನುವುದನ್ನೆಲ್ಲ ಆಕೆ ನೆರೆಮನೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಒಂದು ಕೈಯಿಂದ ಎದೆ ಹಿಡಿದುಕೊಂಡಿದ್ದರಿಂದ ಸಪ್ಪಳ ಬರಲಿಲ್ಲ.

ಗಾದಿಲಿಂಗಪ್ಪ ಏಳನೆಯದನ್ನು ಓದಿದ: "ರಾಣಿ ಅರಮನಿ ಬಿಟ್ಟು ಹೊಂಟಾಗ ಅಕಿ ಕೈಯಾಗ ಏನಿತ್ತು?"

"ದೀಪ," ಎಂದ ಉಚ್ಚೆಂಗೆಪ್ಪ.

ವಿರೂಪಮ್ಮನಿಗೆ ಒಂದು ಮಾತಿನ ಉತ್ತರ ಕಡಮೆಯೆನಿಸಿತು. "ಹಿತ್ತಾಳಿ ದೀಪ. ಬೆಳಕಿಗೆ ಅಕಿ ಗಿಣಿಹಸಿರು ಸೀರಿ ಮಿಂಚಾಕ ಹತ್ತಿತ್ತು. ಅರಿಷಿಣದ ಅಂಚು. ಕುಬಸ ದಾಳಿಂಬಿ ಕೆಂಪು."

ಗಾದಿಲಿಂಗಪ್ಪ ಕಾಗದ ಕೆಳಗಿಳಿಸಿದ. "ಅಮ್ಮಾ, ಗಿಣಿಹಸಿರು ಅಂದ್ರ?"

"ಗಿಣಿ ನೋಡಿಲ್ಲೇನಪ್ಪ ನೀನು?"

"ಗಿಣಿ ನೋಡೀನಿ ತಾಯಿ. ಪಿಕ್ಚರ್‌ದಾಗ ಹಸಿರು ನೋಡಿಲ್ಲ. ಅಲ್ಲಿ ಎಲ್ಲಾ ಕರಿ ಬಿಳಿನ ಇರ್ತೈತಿ."

ಡೇರೆ ನಕ್ಕಿತು. ಹೇಗೆ ನಕ್ಕಿತೆಂದರೆ, ಗೂಟ ಕಿತ್ತು ನೆಲ ಬಿಟ್ಟು ಎರಡು ಮೊಳ ಮೇಲೆದ್ದಿತು; ಹಗ್ಗ ಹಿಡಿದಿದ್ದವರು ಜೋತಾಡುತ್ತ ಹೋಗಿ ಮೂರು ಹೊಲದಾಚೆ ಇಳಿದರು.

ವಿರೂಪಮ್ಮ ನಗಲಿಲ್ಲ. "ಬಣ್ಣಿಲ್ಲೇನು? ಒಂದೂ ಇಲ್ಲ? ಬಂಡಿ ಬೋರ್ಡಿನ ಮ್ಯಾಲೆ ಅಷ್ಟ್ ಬಣ್ಣ ಬಳ್ಕೊಂಡು ತಿರಿಗ್ತಿ, ಒಳಗ ಕರಕೊಂಡು ಬೂದಿ ತೋರಿಸ್ತೀಯೇನಪ್ಪ?"

ಈಗ ಹೆಂಗಸರ ಕಡೆಯಿಂದ ನಗೆ ಬಂತು. ಗಾದಿಲಿಂಗಪ್ಪ ಮುಖ ಒರೆಸಿಕೊಂಡ. ಆಕೆ ಉಚ್ಚೆಂಗೆಪ್ಪನ ಕಡೆ ತಿರುಗಿದಳು. "ಹಂಗಾದ್ರ ನಮ್ಮನಿಯವರು ಅದನ್ನೆಲ್ಲಿ ನೋಡಿದ್ರು? ನೀನೂ ಅಲ್ಲೇ ಇರ್ತಿದ್ದಿ. ನನ್ನ ಮಾರಿ ನೋಡಿ ಹೇಳು."

ಉಚ್ಚೆಂಗೆಪ್ಪ ಒಳ್ಳೆಯವನು. ಡೇರೆಯ ಕಂಬ ನೋಡಿದ, ಹಗ್ಗ ನೋಡಿದ, ನನ್ನನ್ನು ನೋಡಿದ. ನಾನು ಕೈಮುಗಿದೆ.

"ಯಕ್ಕಾ, ಅದು... ಡಾಕ್ಟ್ರು ಎಲ್ಡನೇ ಹಾಡಿಗೆ ಗೊರಕಿ ಹಚ್ಚಿದ್ರ, ಕಡೀಗೆ ಕಾಲಬೆಳ್ಳು ಜಗ್ಗಿ ಎಬ್ಬಿಸಾವ ನಾನ."

ಪಾಸು ಅವನಿಗೆ ಹೋಯಿತು. ನನ್ನ ಬಿರುದು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಮೂರು ದಿನ ಮನೆಯಲ್ಲಿ ಮಾತಿಲ್ಲ. ರೊಟ್ಟಿ ಬಡಿಯುವ ಸಪ್ಪಳವೊಂದೇ. ಅದು ಯಾರ ಬೆನ್ನೆಂದು ತಿಳಿದು ಬಡಿಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾಲ್ಕನೆಯ ದಿನ ಬಾಯಿ ಬಿಟ್ಟಳು: "ಬರೋ ಶನಿವಾರ ನಾನೂ ಬರ್ತೀನಿ."

"ಅಲ್ಲಲೇ, ತಿಗಣಿ..."

"ಬಂದ್ರ ಬರ್ಲಿ. ನಿಮಗಿಂತಾ ಹೆಚ್ಚು ಕಡಿಯಂಗಿಲ್ಲ."

ಹೋದೆವು. ಆಕೆ ಹೆಂಗಸರ ಬಾಗಿಲಿನಿಂದ, ನಾನು ಗಂಡಸರ ಬಾಗಿಲಿನಿಂದ. ಇವತ್ತು ಪ್ರಾಣ ಹೋದರೂ ಮಲಗಕೂಡದೆಂದು ನವಸಾಗರ ಮತ್ತು ಸುಣ್ಣ ಕೂಡಿಸಿದ ಸೀಸೆ ತಂದಿದ್ದೆ. ಮೂರ್ಛೆ ಹೋದವರಿಗೆ ಮೂಸಿಸುವಂಥದು. ಎರಡನೆಯ ಹಾಡಿಗೆ ಬೆಳಕಿನ ಹೊಳೆ ತಲೆಯ ಮೇಲೆ ಬಂತು, ನಿಂತಿತು, ಕರೆಯಿತು. ನಾನು ಸೀಸೆ ಮೂಸಿ, ಕಣ್ಣೀರು ಸುರಿಸುತ್ತ, ದಡದಲ್ಲೇ ಕೂತೆ. ಅದು ನನ್ನನ್ನು ಬಿಟ್ಟು ತನ್ನಷ್ಟಕ್ಕೆ ಹರಿದುಹೋಯಿತು.

ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಿಕ್ಚರನ್ನು ಪೂರ್ತಿ ನೋಡಿದೆ. ಬೂದಿಬಣ್ಣದ ಹುಡುಗಿ, ಬೂದಿಬಣ್ಣದ ಮಂಚ. ಮಂಚ ಹಾರಿತು, ಕಟ್ಟಿದ್ದ ತಂತಿ ಕಾಣುತ್ತಿತ್ತು. ಮಾಳಿಗೆಯ ಮೇಲೆ ಇಳಿಯಿತು. ಮದುವೆಯಾಯಿತು. ಇಷ್ಟೇ.

ಹೊರಗೆ ವಿರೂಪಮ್ಮ ನಿಧಾನವಾಗಿ ನಡೆದು ಬಂದಳು. ಬಲಗೆನ್ನೆಯ ಮೇಲೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚೊತ್ತಿತ್ತು. ಕಣ್ಣು ಎಲ್ಲೋ ದೂರದಲ್ಲಿದ್ದವು. ನಾನು ಏನೂ ಕೇಳಲಿಲ್ಲ.

ಕೇಳಿದವರು ಬಸ್ಸಿನಲ್ಲಿದ್ದ ಹೆಂಗಸರು. "ಹೆಂಗಿತ್ರೀ ಪಿಕ್ಚರು?"

ಆಕೆ ಹೇಳತೊಡಗಿದಳು. ಹುಡುಗಿಯದು ನೇರಳೆಹಣ್ಣಿನ ಬಣ್ಣದ ಸೀರೆಯಂತೆ. ಮಂಚ ಹಾರಿ ಕೋಟೆ ಗುಡ್ಡ ದಾಟಿತಂತೆ. ಕೆಳಗೆ ಹತ್ತಿ ಒಡೆದ ಹೊಲಗಳೆಲ್ಲ ಮೋಡವಾಗಿ ಎದ್ದು ಜೊತೆಗೆ ಬಂದವಂತೆ. ಸಿರುಗುಪ್ಪದ ಆಚೆ ಸಮುದ್ರವೇ ಬಂದಿತ್ತಂತೆ, ಬೆಚ್ಚಗಿತ್ತಂತೆ, ಕುರಿಗಳು ಈಜುತ್ತಿದ್ದವಂತೆ, ಕುರುಬರು ದಡದಲ್ಲಿ ಕೊಳಲೂದುತ್ತಿದ್ದರಂತೆ. ಹೊರಗೆ ಹೊತ್ತು ಮುಳುಗುತ್ತಿತ್ತು. ಅಳುತ್ತಿದ್ದ ಕೂಸುಗಳು ಸುಮ್ಮನಾದವು. ಬಸ್ಸು ಕೂಡ ಕೆಮ್ಮುವುದನ್ನು ಬಿಟ್ಟು ಕಿವಿಗೊಟ್ಟಿತ್ತು.

ನನಗೆ ತಡೆಯಲಾಗಲಿಲ್ಲ. "ಸಮುದ್ರ ಎಲ್ಲಿತ್ತಲೇ? ಮಂಚ ಮಾಳಿಗಿ ಮ್ಯಾಲೆ ಇಳೀತು, ಲಗ್ನ ಆತು, ಮುಗೀತು! ನಾನ ಕಣ್ಣಾರೆ ನೋಡೀನಿ!"

ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ; ಕನಿಕರವಿತ್ತು.

"ನಿಮಗೇನ್ ಗೊತ್ತಾಕ್ಕೈತ್ರೀ? ನೀವು ಕಣ್ಣು ತೆರಕೊಂಡು ಕುಂತಿದ್ರಿ."

ಬಸ್ಸಿನವರೆಲ್ಲ ಹೌದೆಂದು ತಲೆಯಾಡಿಸಿದರು. ನನಗಿದ್ದ ಸಾಕ್ಷಿ ಒಬ್ಬನೇ. ಅದೇ ಆಟ ನೋಡಿ ಬಂದಿದ್ದ ಉಚ್ಚೆಂಗೆಪ್ಪನ ಬೆನ್ನನ್ನು ನಾನು ಆಸೆಯಿಂದ ನೋಡಿದೆ. ಅವನು ಹಿಂತಿರುಗದೆ, ಬಸ್ಸನ್ನು ಇನ್ನಷ್ಟು ಮೆಲ್ಲಗೆ ಬಿಡುತ್ತ ಹೇಳಿದ:

"ಡಾಕ್ಟ್ರೇ, ಸ್ವಲ್ಪ ಸುಮ್ಕಿರ್ರಿ. ಯಕ್ಕಾ, ನೀವು ಹೇಳ್ರಿ, ಸಮುದ್ರ ಎಲ್ಲೀತನ ಬಂದಿತ್ತು?"