ಅಜ್ಜ ರೈಟ್ ಅನ್ನುವ ತನಕ

ಕಂಡಕ್ಟರ್ ಇರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಯಾದಗಿರಿ, ಶಹಾಪುರ, ಸುರಪುರ ದಾರಿಯ ಬಸ್ಸಿನಲ್ಲೇ ನಮ್ಮಜ್ಜ ಆಯುಷ್ಯ ಸವೆಸಿದ. ರಿಟೈರಾದ ದಿನ ಚೀಲ, ಸೀಟಿ ಎಲ್ಲ ಡಿಪೋಕ್ಕೆ ಒಪ್ಪಿಸಿ ಬಂದ. ಬಾಯಿ ಮಾತ್ರ ಯಾರೂ ವಾಪಸ್ ಕೇಳಲಿಲ್ಲ.

ಬಚ್ಚಲಿನಿಂದ ಅಪ್ಪಣೆ

ನಮ್ಮ ಅಂಗಳದಿಂದ ಯಾವ ಗಾಡಿ ಹೊರಡಬೇಕಾದರೂ ಅಜ್ಜ 'ರೈಟ್' ಅನ್ನಬೇಕು. ಎಲ್ಲರೂ ಹತ್ತಿದರೋ, ಹಿಂದೆ ಯಾರಾದರೂ ಓಡಿ ಬರುತ್ತಿದ್ದಾರೋ ನೋಡಿಯೇ ಅನ್ನುತ್ತಿದ್ದ. ಅಣ್ಣನ ಮದುವೆಯಾದ ಹೊಸದರಲ್ಲಿ ಅತ್ತಿಗೆ ಸೈದಾಪುರದ ತವರಿಗೆ ಹೊರಟಳು. ಅಣ್ಣ ಬೈಕು ಚಾಲೂ ಮಾಡಿ ಸುಮ್ಮನೆ ಕೂತ.

"ಯಾಕ್ರಿ, ಪೆಟ್ರೋಲ್ ಇಲ್ಲೇನು?" ಅಂದಳು ಅತ್ತಿಗೆ.

"ಐತಿ. ಅಜ್ಜ ಬಚ್ಚಲದಾಗ ಅದಾನ."

ಅವಳಿಗೆ ಅರ್ಥವಾಗುವ ಮೊದಲೇ ಒಳಗೆ ನೀರು ಸುರಿಯುವ ಸದ್ದು ನಿಂತು "ರೈಟ್!" ಬಂತು.

ಸರಿದ ಮದುಮಗ

ಶಹಾಪುರದಲ್ಲಿ ಸೋದರಮಾವನ ಮಗನ ಮದುವೆ. ಮಂಟಪದ ಬಾಗಿಲಲ್ಲಿ ನೂಕುನುಗ್ಗಲು ಕಂಡು ಅಜ್ಜನಿಗೆ ತಡೆಯಲಾಗಲಿಲ್ಲ.

"ಒಳಗ ಸರೀರಿ, ಒಳಗ ಜಾಗ ಖಾಲಿ ಐತಿ! ಬಾಗಲದಾಗ ನಿಂದರಬ್ಯಾಡ್ರಿ!"

ಆ ದನಿಗೆ ಸರಿಯದವರು ನಮ್ಮ ಕಡೆ ಯಾರೂ ಇಲ್ಲ. ಅಕ್ಷತೆಯ ಹೊತ್ತಿಗೆ ನೋಡಿದರೆ ಮದುಮಗನೇ ನಾಪತ್ತೆ. ಬಾಸಿಂಗ ಕಟ್ಟಿಕೊಂಡು ಹಿಂದಿನ ಬಾಗಿಲಾಚೆ ಅಡುಗೆಯವರ ಜೊತೆ ನಿಂತಿದ್ದ.

"ಇಲ್ಲಿಗ್ಯಾಕ ಬಂದ್ಯೋ?" ಎಂದು ಮಾವ ಬೈದ.

"ಅಜ್ಜ ಸರಿ ಅಂದ. ಸರದೆ."

ಟವೆಲ್ ಹಾಕಿದ ಸೀಟು

ಅಜ್ಜ ಬಸ್ಸಿನಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ. ರಿಟೈರಾದ ಮೇಲೂ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದ. ಅಜ್ಜಿಗೆ ಇದ್ದದ್ದು ಒಂದೇ ಆಸೆ, ಒಮ್ಮೆಯಾದರೂ ಗಂಡ ತನ್ನ ಪಕ್ಕ ಕೂತು ಬರಬೇಕು. ಅಬ್ಬೆತುಮಕೂರಿನ ಮಠಕ್ಕೆ ಹೊರಟ ದಿನ ಕಿಟಕಿಯಿಂದ ಟವೆಲ್ ಎಸೆದು ಎರಡು ಸೀಟು ಹಿಡಿದಳು.

"ಇವತ್ತರೆ ಕುಂದರ್ರಿ."

ಅಜ್ಜ ಇನ್ನೇನು ಕೂರಬೇಕು, ಕೂಸು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಹತ್ತಿದಳು. "ಬಾ ತಂಗಿ, ಇಲ್ಲಿ ಖಾಲಿ ಐತಿ" ಎಂದು ಸೀಟು ತೋರಿಸಿದ. ಬರುವಾಗ ಅದೇ ಟವೆಲ್ ಎತ್ತಿ ಒಬ್ಬ ಮುದುಕನನ್ನು ಕೂಡಿಸಿದ. ಆ ಮುದುಕ ಅಜ್ಜನಿಗಿಂತ ಚಿಕ್ಕವನು.

ರೈಟ್

ಹೋದ ವರ್ಷ ಅಜ್ಜ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಒಯ್ಯುವುದು. ಟ್ರ್ಯಾಕ್ಟರಿನ ಟ್ರಾಲಿಗೆ ಹೂವು ಕಟ್ಟಿ ಅಜ್ಜನನ್ನು ಕೂಡಿಸಿದೆವು. ಅಜ್ಜನ ಬಸ್ಸು ಓಡಿಸುತ್ತಿದ್ದ ಹಳೆಯ ಡ್ರೈವರ್ "ನಾನಽ ಹೊಡಿತೀನಿ" ಎಂದು ಸ್ಟೇರಿಂಗ್ ಹಿಡಿದ. ಅಜ್ಜಿ ಅಜ್ಜನ ಪಕ್ಕಕ್ಕೆ ಟವೆಲ್ ಎಸೆದು, ಹತ್ತಿ ಕೂತಳು.

ಎಂಜಿನ್ ಚಾಲೂ ಆಯಿತು. ಗಾಡಿ ಕದಲಲಿಲ್ಲ.

"ನಡೀರಿ" ಅಂದರು ಹಿರಿಯರು.

"ರೈಟ್ ಬಂದಿಲ್ಲಲ್ರಿ" ಅಂದ ಡ್ರೈವರ್.

ಎಲ್ಲರೂ ಅಜ್ಜನ ಮುಖ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು ಹಿಂದಿನ ದಾರಿ ನೋಡಿದಳು.

"ತಡಿ. ಸಗರದವ್ರು ಓಡಿ ಬರಾಕತ್ತಾರ."

ಸಗರದ ಬೀಗರು ಏದುಸಿರು ಬಿಡುತ್ತ ಹತ್ತಿದರು. ಅಜ್ಜಿ ಟ್ರಾಲಿಯ ತಗಡಿಗೆ ಎರಡು ಸಲ ಬಡಿದಳು.

"ರೈಟ್!"

ದಾರಿಯುದ್ದಕ್ಕೂ ಜನ ಹತ್ತುತ್ತಲೇ ಇದ್ದರು. ಮುದುಕರು ಹತ್ತಿದರು, ಕೂಸು ಎತ್ತಿಕೊಂಡವರೂ ಹತ್ತಿದರು. ಅಜ್ಜ ಯಾರಿಗೂ ಸೀಟು ಬಿಟ್ಟುಕೊಡಲಿಲ್ಲ.